ಹೀಲಿಯೋಸ್ 44-2 ಲೆನ್ಸನ್ನು ಮಿರರ್‌ಲೆಸ್ ಕ್ಯಾಮೆರಾಗೆ ಹೊಂದಿಸುವುದು: ನನ್ನ ಅನುಭವ

ಹಳೆಯ ಮ್ಯಾನುಯಲ್ ಲೆನ್ಸ್ ಕೊಂಡವರ ದೂರು ಸಾಮಾನ್ಯವಾಗಿ ಒಂದೇ: ಫೋಟೋ ಶಾರ್ಪ್ ಬರುತ್ತಿಲ್ಲ. ನಾನು ನೋಡಿದ ಮಟ್ಟಿಗೆ ದೋಷ ಗಾಜಿನಲ್ಲಿರುವುದು ಕಡಿಮೆ. ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಕೂರಿಸುವ ಉಂಗುರದ, ಅಂದರೆ ಅಡಾಪ್ಟರಿನ ದಪ್ಪದಲ್ಲೋ ಫೋಕಸ್ ಮಾಡುವ ಕ್ರಮದಲ್ಲೋ ಇರುವುದೇ ಹೆಚ್ಚು. ನಾನು ಸೋನಿ ಎ7 ಮಾರ್ಕ್ 3 ಕ್ಯಾಮೆರಾದಲ್ಲಿ ಬಳಸುವ ಹೀಲಿಯೋಸ್ 44-2 ಲೆನ್ಸನ್ನೇ ಇಟ್ಟುಕೊಂಡು ಹೇಳುತ್ತೇನೆ. ಇದು ಸೋವಿಯತ್ ಕಾಲದ ಝೆನಿತ್ ಕ್ಯಾಮೆರಾಗಳ ಜೊತೆ ಬರುತ್ತಿದ್ದ, 58 ಮಿ.ಮೀ. ಫೋಕಲ್ ಲೆಂಗ್ತಿನ, ಎಫ್/2 ಅಪರ್ಚರಿನ (ಬೆಳಕು ಒಳಬಿಡುವ ರಂಧ್ರ; ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು) ಲೆನ್ಸ್. ಝೈಸ್ ಕಂಪನಿಯ ಬಯೋಟಾರ್ ವಿನ್ಯಾಸವನ್ನು ಆಧರಿಸಿದ್ದು. ಮೌಂಟ್ (ಲೆನ್ಸ್ ಕ್ಯಾಮೆರಾಗೆ ಕೂರುವ ಜೋಡಣೆ) ಎಂ42, ಅಂದರೆ 42 ಮಿ.ಮೀ. ವ್ಯಾಸದ, ಒಂದು ಸುತ್ತು ತಿರುಗಿಸಿದರೆ 1 ಮಿ.ಮೀ. ಮುಂದೆ ಸರಿಯುವ ಸ್ಕ್ರೂ.

ಎಂ42 ಲೆನ್ಸ್ ಕೂರುವ ಜಾಗದಿಂದ ಫಿಲ್ಮಿನವರೆಗೆ 45.46 ಮಿ.ಮೀ. ಇರಬೇಕು. ಸೋನಿ ಇ ಮೌಂಟಿನಲ್ಲಿ ಮೌಂಟಿನಿಂದ ಸೆನ್ಸರಿಗೆ ಇರುವುದು 18 ಮಿ.ಮೀ. ಉಳಿದ 27.46 ಮಿ.ಮೀ. ದೂರವನ್ನು ತುಂಬುವುದೊಂದೇ ಅಡಾಪ್ಟರಿನ ಕೆಲಸ. ಅದರೊಳಗೆ ಗಾಜು ಬೇಕಿಲ್ಲ. ನಿಕಾನ್ ಎಫ್ ಮೌಂಟಿನ ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಈ ಸೌಕರ್ಯವಿಲ್ಲ. ಅಲ್ಲಿ ದೂರ 46.5 ಮಿ.ಮೀ., ಎಂ42ಗಿಂತ ಹೆಚ್ಚು. ಹಾಗಾಗಿ ಗಾಜಿಲ್ಲದ ಅಡಾಪ್ಟರ್ ಹಾಕಿದರೆ ಇನ್ಫಿನಿಟಿ, ಅಂದರೆ ಬಹುದೂರದ ವಸ್ತುಗಳ ಫೋಕಸ್, ಸಿಗುವುದೇ ಇಲ್ಲ. ಗಾಜಿರುವ ಅಡಾಪ್ಟರ್ ಹಾಕಿದರೆ ಸಿಗುತ್ತದೆ, ಆದರೆ ಲೆನ್ಸಿನ ಗುಣವನ್ನು ಆ ಅಗ್ಗದ ಗಾಜು ಕೆಡಿಸುತ್ತದೆ. ನಿಕಾನ್ ಡಿಎಸ್‌ಎಲ್‌ಆರ್ ಇರುವವರು ಹಳೆಯ ನಿಕ್ಕೋರ್ ಎಐ ಲೆನ್ಸ್‌ಗಳನ್ನೇ ಹುಡುಕುವುದು ಒಳ್ಳೆಯದು.

ಈ ದಪ್ಪದ ವಿಷಯದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಅಡಾಪ್ಟರ್ 0.1 ಮಿ.ಮೀ. ದಪ್ಪವಾಗಿದ್ದರೆ ಲೆನ್ಸ್ ಎಷ್ಟು ದೂರದವರೆಗೆ ಫೋಕಸ್ ಆಗಬಲ್ಲದು ಎಂದು ತಿಳಿಯಲು ಫೋಕಲ್ ಲೆಂಗ್ತಿನ ವರ್ಗವನ್ನು ಆ 0.1ರಿಂದ ಭಾಗಿಸಿ. 58 ಮಿ.ಮೀ. ಲೆನ್ಸಿಗೆ ಸುಮಾರು 33 ಮೀಟರ್ ಬರುತ್ತದೆ. ಅದರಾಚೆಯ ಬೆಟ್ಟ, ಗೋಪುರ ಎಲ್ಲ ಮಸುಕು. ಅದೇ ಅಡಾಪ್ಟರಿಗೆ 28 ಮಿ.ಮೀ. ಲೆನ್ಸ್ ಹಾಕಿದರೆ 8 ಮೀಟರಿಗಿಂತ ಆಚೆ ಯಾವುದೂ ಸರಿಯಾಗಿ ಫೋಕಸ್ ಆಗದು. ವೈಡ್ ಲೆನ್ಸ್ (ಫೋಕಲ್ ಲೆಂಗ್ತ್ ಕಡಿಮೆ ಇರುವುದು) ಹಾಕಿದಾಗ ಮಾತ್ರ ತೊಂದರೆ ಎದ್ದು ಕಾಣುವುದು ಇದಕ್ಕೇ. ಬಹುತೇಕ ತಯಾರಕರು ಬೇಕೆಂತಲೇ ಅಡಾಪ್ಟರನ್ನು ತುಸು ತೆಳ್ಳಗೆ ಮಾಡುತ್ತಾರೆ. ತೆಳ್ಳಗಿದ್ದರೆ ಇನ್ಫಿನಿಟಿ ಗುರುತು ಬರುವ ಮೊದಲೇ ಇನ್ಫಿನಿಟಿ ಸಿಗುತ್ತದೆ. ಆಗ ರಿಂಗಿನ ಮೇಲಿನ ಅಳತೆಗಳನ್ನು ನಂಬುವಂತಿಲ್ಲ ಅಷ್ಟೇ, ಚಿತ್ರಕ್ಕೇನೂ ಆಗದು.

ಪರೀಕ್ಷೆ ಸುಲಭ. ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು, ಎಫ್/2ರಲ್ಲಿ, ಒಂದು ಕಿಲೋಮೀಟರಿಗಿಂತ ದೂರದ ಮೊಬೈಲ್ ಟವರನ್ನೋ ರಾತ್ರಿಯಾದರೆ ಚಂದ್ರನನ್ನೋ 11.7 ಪಟ್ಟು ಹಿಗ್ಗಿಸಿ ನೋಡಿ. ರಿಂಗ್ ಕೊನೆ ಮುಟ್ಟಿದರೂ ಅಂಚುಗಳು ಇನ್ನೂ ಸ್ಪಷ್ಟವಾಗಬೇಕಿದೆ ಅನಿಸಿದರೆ ಅಡಾಪ್ಟರ್ ದಪ್ಪ, ವಾಪಸ್ ಕೊಟ್ಟುಬಿಡಿ. ತೀರಾ ತೆಳ್ಳಗಿದ್ದರೆ ಅದರ ಹಿಂಬದಿಯ ಮೌಂಟ್ ಪ್ಲೇಟಿನ ಸ್ಕ್ರೂಗಳನ್ನು ಬಿಚ್ಚಿ, ಅಡಿಯಲ್ಲಿ 0.05 ಮಿ.ಮೀ. ಹಿತ್ತಾಳೆ ಶಿಮ್ಮನ್ನು (ತೆಳು ತಗಡು) ಉಂಗುರದಂತೆ ಕತ್ತರಿಸಿ ಇಟ್ಟು ಮತ್ತೆ ನೋಡಬಹುದು. ಚೂರುಗಳನ್ನು ಅಲ್ಲಲ್ಲಿ ಇಡಬೇಡಿ, ಲೆನ್ಸ್ ಓರೆಯಾಗುತ್ತದೆ. ಓರೆಯಾಗಿದೆಯೇ ಎಂದು ತಿಳಿಯಲು ಮೈಕ್ರೋಮೀಟರಿನಿಂದ ಸುತ್ತಲೂ ನಾಲ್ಕು ಕಡೆ ದಪ್ಪ ಅಳೆಯಿರಿ. ಫೋಟೋದಲ್ಲಿ ಒಂದು ಬದಿ ಮಾತ್ರ ಸದಾ ಮಸುಕಾಗಿದ್ದರೆ ಲೆನ್ಸನ್ನು ಬೈಯುವ ಮೊದಲು ಇದನ್ನು ನೋಡಬೇಕು.

ಕ್ಯಾಮೆರಾದಲ್ಲಿ ಮೊದಲು ‘ರಿಲೀಸ್ ವಿತೌಟ್ ಲೆನ್ಸ್’ ಅನ್ನು ಎನೇಬಲ್ ಮಾಡಿ. ಇಲ್ಲದಿದ್ದರೆ ಶಟರ್ ಬೀಳದು, ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಸ್ಟೆಡಿಶಾಟ್ (ಕೈನಡುಕ ಸರಿಪಡಿಸುವ ಸ್ಟೆಬಿಲೈಸೇಶನ್) ಮ್ಯಾನುಯಲ್‌ಗೆ ಹಾಕಿ 58ಕ್ಕೆ ಹತ್ತಿರದ ಅಂಕಿಯನ್ನು ಕೊಡಿ. ಲೆನ್ಸ್ ಬದಲಿಸಿದಾಗ ಇದನ್ನು ಬದಲಿಸಲು ಮರೆತರೆ ಸ್ಟೆಬಿಲೈಸೇಶನ್ನೇ ಚಿತ್ರವನ್ನು ಅಲುಗಾಡಿಸುತ್ತದೆ. ಆಟೋ ಐಎಸ್‌ಒ (ಬೆಳಕಿನ ಸೂಕ್ಷ್ಮತೆಯನ್ನು ಕ್ಯಾಮೆರಾವೇ ಹೊಂದಿಸುವ ಕ್ರಮ) ಬಳಸುವವರು ಕನಿಷ್ಠ ಶಟರ್ ವೇಗವನ್ನು 1/125ಕ್ಕೆ ತಾವೇ ನಿಗದಿ ಮಾಡಬೇಕು, ಏಕೆಂದರೆ ಯಾವ ಲೆನ್ಸ್ ಇದೆ ಎಂಬುದು ಕ್ಯಾಮೆರಾಗೆ ಗೊತ್ತಿರುವುದಿಲ್ಲ. ಎ ಮೋಡಿನಲ್ಲಿ (ಅಪರ್ಚರ್ ನಾವು, ಶಟರ್ ವೇಗ ಕ್ಯಾಮೆರಾ ನಿರ್ಧರಿಸುವುದು) ಬೆಳಕಿನ ಅಳತೆ, ಅಂದರೆ ಮೀಟರಿಂಗ್, ಎಂದಿನಂತೆ ನಡೆಯುತ್ತದೆ.

ಇನ್ನು ಫೋಕಸ್. ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಒಂದನ್ನೇ ನಂಬಿದರೆ ಎಫ್/2ರಲ್ಲಿ ಕಣ್ಣಿನ ಬದಲು ಹುಬ್ಬೋ ಕಿವಿಯೋ ಶಾರ್ಪ್ ಆಗುತ್ತದೆ. ಪೀಕಿಂಗ್ ಗುರುತಿಸುವುದು ಬೆಳಕು-ನೆರಳಿನ ಅಂತರ ಜೋರಾಗಿರುವ ಅಂಚುಗಳನ್ನು. ಹೀಲಿಯೋಸ್ ಪೂರ್ತಿ ತೆರೆದಾಗ ಕಾಂಟ್ರಾಸ್ಟ್ ಕಡಿಮೆ. ಕಣ್ರೆಪ್ಪೆಗಿಂತ ಕನ್ನಡಕದ ಫ್ರೇಮಿಗೇ ಕೆಂಪು ಬಣ್ಣ ಬೇಗ ಹತ್ತುತ್ತದೆ. ನಾನು ಪೀಕಿಂಗನ್ನು ‘ಲೋ’ ಮಟ್ಟದಲ್ಲಿಟ್ಟು ಅಂದಾಜಿಗೆ ಮಾತ್ರ ಬಳಸುತ್ತೇನೆ. ಚಿತ್ರ ಹಿಗ್ಗಿಸಿ ತೋರಿಸುವ ಫೋಕಸ್ ಮ್ಯಾಗ್ನಿಫೈಯರನ್ನು ಹೆಬ್ಬೆರಳಿಗೆ ಸಿಗುವ ಕಸ್ಟಮ್ ಬಟನ್ನಿಗೆ ಕೊಟ್ಟು, 5.9 ಪಟ್ಟಿನಲ್ಲಿ ಹತ್ತಿರದ ಕಣ್ಣಿನ ರೆಪ್ಪೆಯನ್ನು ನೋಡುತ್ತಾ ರಿಂಗನ್ನು ಸ್ವಲ್ಪ ಆಚೆ ದಾಟಿಸಿ ವಾಪಸ್ ತರುತ್ತೇನೆ. ಶಾರ್ಪ್ ಆಗಿ ಮತ್ತೆ ಮಸುಕಾಗುವುದನ್ನು ಕಣ್ಣಾರೆ ಕಂಡ ಮೇಲೇ ನಡುವಿನ ಬಿಂದು ಖಾತ್ರಿಯಾಗುವುದು.

44-2ರ ಪ್ರಿಸೆಟ್ ರಿಂಗ್ ಇಲ್ಲಿ ಬಹಳ ಉಪಕಾರಿ. ಮುಂದಿನ ರಿಂಗಿನಲ್ಲಿ ಬೇಕಾದ ಅಪರ್ಚರ್, ಎಫ್/4 ಅನ್ನಿ, ಇಟ್ಟುಕೊಳ್ಳುವುದು. ಅದರ ಹಿಂದಿನ, ಕ್ಲಿಕ್ ಇಲ್ಲದ ರಿಂಗನ್ನು ತಿರುಗಿಸಿ ಪೂರ್ತಿ ತೆರೆದು ಫೋಕಸ್ ಮಾಡುವುದು. ಕಣ್ಣು ವ್ಯೂಫೈಂಡರಿನಿಂದ ತೆಗೆಯದೆ ಅದನ್ನೇ ತಡೆಯುವವರೆಗೆ ತಿರುಗಿಸಿ ಕ್ಲಿಕ್ಕಿಸುವುದು. ತೀರಾ ಹತ್ತಿರದ ವಸ್ತುವಿಗೆ ಮಾತ್ರ ಕೊನೆಯ ತಿದ್ದುಪಡಿಯನ್ನು ತೆಗೆಯುವ ಅಪರ್ಚರಿನಲ್ಲೇ ಮಾಡಿ. ಅಪರ್ಚರ್ ಕಿರಿದಾದಾಗ ಫೋಕಸ್ ತುಸು ಸರಿಯುವ ಲೆನ್ಸ್‌ಗಳಿವೆ.

ಈ ಲೆನ್ಸಿಗೆ ಹೆಸರು ತಂದ ಸುಳಿಯಂಥ ಹಿನ್ನೆಲೆ ತಾನಾಗಿ ಬರುವುದಿಲ್ಲ. ಎಫ್/2, ಮುಖ ಒಂದರಿಂದ ಒಂದೂವರೆ ಮೀಟರ್ ದೂರದಲ್ಲಿ, ಅದರ ಹಿಂದೆ ನಾಲ್ಕೈದು ಮೀಟರ್ ಆಚೆ ಎಲೆಗಳ ಸಂದಿಯಿಂದ ಬೆಳಕು ತೂರುವ ಮರ: ಈ ಮೂರೂ ಕೂಡಿದರೆ ಕಾಣುತ್ತದೆ. ಗೋಡೆ ಹಿನ್ನೆಲೆಯಾದರೆ ಏನೂ ಇಲ್ಲ. ಸುಳಿ ಇರುವುದು ಅಂಚುಗಳಲ್ಲಿ, ಆದ್ದರಿಂದ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನಲ್ಲಿ ಅದರ ಹೆಚ್ಚಿನ ಭಾಗ ಕತ್ತರಿಸಿ ಹೋಗುತ್ತದೆ. ಎದುರು ಬಿಸಿಲಿಗೆ 49 ಮಿ.ಮೀ. ಲೋಹದ ಹುಡ್ ಹಾಕಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅಪರ್ಚರ್ ಪೂರ್ತಿ ತೆರೆದು ಹಿಂಬದಿಯಿಂದ ಟಾರ್ಚ್ ಓರೆಯಾಗಿ ಹಿಡಿದು ಮುಂಬದಿಯಿಂದ ನೋಡಿ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಫಂಗಸ್; ಕೋಟಿಂಗ್ ತಿಂದಿದ್ದರೆ ಒರೆಸಿದರೂ ಕಲೆ ಹೋಗದು. ಬ್ಲೇಡಿನ ಮೇಲೆ ಎಣ್ಣೆ ಇದೆ ಎಂದು ಬೆಲೆ ಇಳಿಸಿದ್ದರೆ 44-2ರ ಮಟ್ಟಿಗೆ ಹೆದರಬೇಕಿಲ್ಲ. ಬ್ಲೇಡ್‌ಗಳನ್ನು ಕೈಯಲ್ಲೇ ತಿರುಗಿಸುವುದರಿಂದ ಅವು ಛಟ್ಟನೆ ಮುಚ್ಚಬೇಕಾದ ಪ್ರಸಂಗವೇ ಇಲ್ಲ. ರಿಂಗ್ ಗಟ್ಟಿಯಾಗಿದ್ದರೆ ಒಳಗಿನ ಗ್ರೀಸ್ ಒಣಗಿದೆ ಎಂದರ್ಥ. ಹೊರಗಿನಿಂದ ಎಣ್ಣೆ ಬಿಡಬೇಡಿ, ಅದು ಹರಿದು ಗಾಜಿಗೇ ಬರುತ್ತದೆ. ಬಿಚ್ಚಿ ಹೆಲಿಕಾಯ್ಡ್ (ಫೋಕಸ್ ರಿಂಗಿನ ಒಳಗಿನ ತಿರುಪು ಭಾಗ) ತೊಳೆಯುವುದಾದರೆ ಎರಡು ಭಾಗ ಬೇರ್ಪಡುವ ಕ್ಷಣದಲ್ಲಿ ಎರಡರ ಮೇಲೂ ಪೆನ್ಸಿಲ್ ಗುರುತು ಹಾಕಿಕೊಳ್ಳಲೇಬೇಕು. ಹೆಲಿಕಾಯ್ಡಿಗೆ ಹಲವು ಎಳೆಗಳಿರುತ್ತವೆ. ಬೇರೆ ಎಳೆಗೆ ಕೂತರೆ ಇನ್ಫಿನಿಟಿ ಸಿಗದು.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಲೆನ್ಸ್‌ಗಳನ್ನು ಚರ್ಮದ ಕೇಸಿನಲ್ಲಿ ಇಡಲೇಬಾರದು. ಚರ್ಮ ತೇವ ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಳಗೊಂದು ಚಿಕ್ಕ ಹೈಗ್ರೋಮೀಟರ್ ಸಾಕು. ತೇವಾಂಶ ಶೇ. 40ರಿಂದ 50ರ ನಡುವೆ ಇರಲಿ, ಜೆಲ್ ಬಣ್ಣ ಕಳೆದುಕೊಂಡಾಗ ಹುರಿದು ಮತ್ತೆ ಹಾಕಿ.