ಸಿನಿಮಾ ತೋರಿಸಿ, ತೀರ್ಪು ಅವರಿಗೆ ಬಿಡಿ
ಕಥೋಲಿಕ ಯುವಜನರ ಜೊತೆ ಒಂದು ದೃಶ್ಯ ಇಟ್ಟುಕೊಂಡು ಮೌಲ್ಯದ ಪಾಠ ನಡೆಸುವುದು ಹೇಗೆ?

ಸಿನಿಮಾ ಮುಗಿದ ಕೂಡಲೇ ಲೈಟ್ ಹಾಕಿ 'ಇದರಿಂದ ಏನು ಕಲಿತಿರಿ?' ಎಂದು ಕೇಳಬೇಡಿ. ಹದಿನಾರರ ಹುಡುಗನಿಗೆ ನಿಮಗೆ ಯಾವ ಉತ್ತರ ಬೇಕು ಅನ್ನೋದು ಚೆನ್ನಾಗಿ ಗೊತ್ತು. ಅದನ್ನೇ ಕೊಡುತ್ತಾನೆ. ಕ್ಷಮಿಸಬೇಕು, ಸತ್ಯ ಹೇಳಬೇಕು, ಬಡವರಿಗೆ ಸಹಾಯ ಮಾಡಬೇಕು. ಎಲ್ಲವೂ ಸರಿಯುತ್ತರ. ಒಂದೂ ಅವನ ಮನಸ್ಸಿನಿಂದ ಬಂದದ್ದಲ್ಲ.

ಧರ್ಮೋಪದೇಶ ತರಗತಿಯಲ್ಲಿ ನಾನೂ ಹಲವು ವರ್ಷ ಹೀಗೇ ಕೇಳಿದ್ದೇನೆ. ಎರಡೂವರೆ ಗಂಟೆಯ ಸಿನಿಮಾ ಪೂರ್ತಿ ತೋರಿಸಿ, ಆಮೇಲೆ ಅರ್ಧ ಗಂಟೆ ನಾನೇ ಮಾತಾಡುತ್ತಿದ್ದೆ. ಮಕ್ಕಳು ಮರ್ಯಾದೆಗೆ ತಲೆಯಾಡಿಸುತ್ತಿದ್ದರು. ಒಂದು ದಿನ ಕುರ್ಚಿ ಜೋಡಿಸುತ್ತಾ ಒಳಗೇ ಉಳಿದೆ. ಅದೇ ಮಕ್ಕಳು ಹೊರಗೆ ನಿಂತು ಅದೇ ಸಿನಿಮಾದ ಬಗ್ಗೆ ಬಿಸಿಬಿಸಿ ವಾದ ಮಾಡುತ್ತಿದ್ದರು. 'ಅವನು ಮಾಡಿದ್ದು ತಪ್ಪಲ್ಲ', 'ತಪ್ಪೇ', 'ನೀನಾಗಿದ್ದರೆ?' ಪಾಠ ನಡೆಯುತ್ತಿದ್ದದ್ದು ಬಾಗಿಲಾಚೆ. ಆ ವಾದವನ್ನು ಬಾಗಿಲೊಳಗೆ ತರುವುದು ಹೇಗೆ ಅನ್ನುವುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಇದಕ್ಕೆ ಮಾದರಿ ಬೈಬಲ್ಲಿನಲ್ಲೇ ಇದೆ. ಸಮುವೇಲನ ಎರಡನೆಯ ಗ್ರಂಥ, 12ನೇ ಅಧ್ಯಾಯ ತೆಗೆಯಿರಿ. ದಾವೀದ ರಾಜ ಬೇರೊಬ್ಬನ ಹೆಂಡತಿಯನ್ನು ತನ್ನವಳಾಗಿ ಮಾಡಿಕೊಂಡಿದ್ದಾನೆ. ಅವಳ ಗಂಡ ಯುದ್ಧದಲ್ಲಿ ಸಾಯುವಂತೆಯೂ ನೋಡಿಕೊಂಡಿದ್ದಾನೆ. ಪ್ರವಾದಿ ನಾತಾನ ಬಂದು ಬೈಯುವುದಿಲ್ಲ. ಒಂದು ಕಥೆ ಹೇಳುತ್ತಾನೆ. ಬಡವನೊಬ್ಬನ ಹತ್ತಿರ ಇದ್ದದ್ದು ಒಂದೇ ಕುರಿಮರಿ. ಅದು ಅವನ ತುತ್ತಿನಲ್ಲೇ ಪಾಲು ತಿಂದು, ಅವನ ಮಡಿಲಲ್ಲೇ ಮಲಗುತ್ತಿತ್ತು. ಹಿಂಡುಗಟ್ಟಲೆ ಕುರಿಯಿದ್ದ ಸಾಹುಕಾರ ಮನೆಗೆ ಬಂದ ಅತಿಥಿಗೆ ಅಡುಗೆ ಮಾಡಿಸಲು ಅದನ್ನೇ ಕಿತ್ತುಕೊಂಡ. ಕೇಳಿದ ದಾವೀದ ಸಿಟ್ಟಿನಿಂದ ಕುದಿಯುತ್ತಾನೆ. ಅಂಥವನು ಸಾಯಬೇಕು ಎನ್ನುತ್ತಾನೆ. ಆಗ ನಾತಾನ, 'ಆ ಮನುಷ್ಯ ನೀನೇ' ಎನ್ನುತ್ತಾನೆ.

ಇಲ್ಲಿ ತೀರ್ಪು ಕೊಟ್ಟವನು ದಾವೀದ. ನಾತಾನ ಅಲ್ಲಿಯವರೆಗೆ ಕಾದ. ಕೊನೆಯ ಆ ಒಂದು ಮಾತು ಹೇಳಲು ನಾವು ಪ್ರವಾದಿಗಳಲ್ಲ. ಆದರೆ ಕಥೆ ಹೇಳಿ ಕಾಯುವುದನ್ನು ಖಂಡಿತ ಕಲಿಯಬಹುದು.

ಮೊದಲು ಹಿರಿಯರ ಸಂಶಯ

'ಚರ್ಚಿನಲ್ಲಿ ಸಿನಿಮಾನಾ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸಮಾಧಾನದಿಂದ ಹೇಳಿ. 1936ರಲ್ಲೇ ಪೋಪ್ ಹನ್ನೊಂದನೇ ಪಿಯುಸ್ ಸಿನಿಮಾದ ಬಗ್ಗೆ 'ವಿಜಿಲಾಂಟಿ ಕೂರಾ' ಎಂಬ ಪತ್ರ ಬರೆದರು. ಅದರಲ್ಲಿ ಎಚ್ಚರಿಕೆಯ ಮಾತೇ ಜಾಸ್ತಿ. ಆದರೂ ಒಳ್ಳೆಯ ಸಿನಿಮಾ ಮನುಷ್ಯನನ್ನು ಒಳ್ಳೆಯದರ ಕಡೆಗೆ ಎಳೆಯಬಲ್ಲದು ಎಂದು ಅವರೂ ಒಪ್ಪಿದ್ದಾರೆ. 1995ರಲ್ಲಿ, ಸಿನಿಮಾ ಹುಟ್ಟಿ ನೂರು ವರ್ಷವಾದಾಗ, ವ್ಯಾಟಿಕನ್ 45 ಸಿನಿಮಾಗಳ ಪಟ್ಟಿಯನ್ನೇ ಹೊರತಂದಿತು. ಧರ್ಮ, ಮೌಲ್ಯ, ಕಲೆ ಎಂದು ಮೂರು ಭಾಗ, ತಲಾ 15 ಸಿನಿಮಾ. ಮೌಲ್ಯದ ಭಾಗದಲ್ಲಿ ಇಟಲಿಯ 'ಬೈಸಿಕಲ್ ಥೀವ್ಸ್' (1948) ಇದೆ. ಅದು ಸಂತರ ಕಥೆಯಲ್ಲ. ಸೈಕಲ್ ಕಳೆದುಕೊಂಡ ಒಬ್ಬ ಬಡ ಅಪ್ಪನ ಕಥೆ.

ಒಬ್ಬರೇ ಕೂತು ಎರಡು ಸಲ ನೋಡಿ

ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಪೆನ್ನು, ಹಾಳೆ ಹಿಡಿದು ಕೂರಿ. ಯಾವ ನಿಮಿಷದಲ್ಲಿ ಏನಾಗುತ್ತದೆ ಅನ್ನುವುದನ್ನು ಬರೆದುಕೊಳ್ಳಿ. 'ಒಂದು ಗಂಟೆ 12 ನಿಮಿಷ: ಅಪ್ಪ ಬಾಗಿಲು ಹಾಕುತ್ತಾನೆ, ಮಗಳು ನೋಡುತ್ತಾಳೆ' ಎಂಬಂಥ ಪುಟ್ಟ ಟಿಪ್ಪಣಿ ಸಾಕು. ಬೇಡದ ದೃಶ್ಯ, ಬೇಡದ ಮಾತು ಎಲ್ಲಿ ಬರುತ್ತದೆ ಅನ್ನುವುದೂ ಈಗಲೇ ತಿಳಿಯಬೇಕು. 'ನಾಲ್ಕು ವರ್ಷದ ಹಿಂದೆ ನೋಡಿದ್ದೆ, ಚೆನ್ನಾಗಿತ್ತು' ಎಂಬ ನೆನಪನ್ನು ನಂಬಬೇಡಿ. ನೆನಪಿನಲ್ಲಿ ಉಳಿಯುವುದು ಚೆನ್ನಾಗಿದ್ದ ಭಾಗ ಮಾತ್ರ. ಯಾವ ವಯಸ್ಸಿನವರಿಗೆ ಎಂಬ ಪ್ರಮಾಣಪತ್ರ ನೋಡಿ, ಫಾದರ್‌ಗೂ ತಂದೆತಾಯಿಗೂ ಮೊದಲೇ ಹೇಳಿ. ಮನೆಯಲ್ಲಿ ನೋಡಲು ಕಟ್ಟಿದ ಚಂದಾ ಸಭಾಂಗಣದಲ್ಲಿ ತೋರಿಸಲು ಆಗುವುದಿಲ್ಲ. ಪ್ರದರ್ಶನದ ಅನುಮತಿ ವಿಚಾರಿಸಿ. 'ಕದಿಯಬೇಡ' ಎನ್ನುವ ಏಳನೇ ಕಟ್ಟಳೆ ಕಲಿಸುವವರು ಕದ್ದ ಪ್ರತಿ ಹಾಕಬಾರದು, ಅಲ್ವಾ?

ಸಿನಿಮಾ ಬೇಡ, ದೃಶ್ಯ ಸಾಕು

ಇದು ನಾನು ತುಂಬ ತಡವಾಗಿ ಕಲಿತದ್ದು. ಪೂರ್ತಿ ಸಿನಿಮಾ ನೋಡಿದರೆ ಮಕ್ಕಳು ಸುಸ್ತಾಗುತ್ತಾರೆ, ಮಾತಿಗೆ ಸಮಯ ಉಳಿಯುವುದಿಲ್ಲ. ಐದರಿಂದ ಹತ್ತು ನಿಮಿಷದ ಒಂದು ದೃಶ್ಯ ಆರಿಸಿ. ಯಾರೋ ಒಬ್ಬರು ಒಂದು ಆಯ್ಕೆ ಮಾಡಲೇಬೇಕಾದ ದೃಶ್ಯ. ಎರಡು ದಾರಿಗೂ ಸ್ವಲ್ಪ ನ್ಯಾಯ ಇರಬೇಕು. ಒಳ್ಳೆಯವನು ಯಾರು, ಕೆಟ್ಟವನು ಯಾರು ಎಂದು ಮೊದಲ ನೋಟಕ್ಕೇ ಗೊತ್ತಾದರೆ ಮಾತಾಡಲು ಏನೂ ಉಳಿಯುವುದಿಲ್ಲ.

ನನ್ನ ಮಟ್ಟಿಗೆ ಇದಕ್ಕೆ 'ದಿ ಡಾರ್ಕ್ ನೈಟ್' (2008) ಸಿನಿಮಾದ ಎರಡು ಹಡಗುಗಳ ದೃಶ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಒಂದರಲ್ಲಿ ಸಾಮಾನ್ಯ ನಾಗರಿಕರು, ಇನ್ನೊಂದರಲ್ಲಿ ಜೈಲಿನ ಕೈದಿಗಳು. ಎರಡರಲ್ಲೂ ಬಾಂಬ್ ಇದೆ. ಈ ಹಡಗಿನವರ ಕೈಯಲ್ಲಿ ಆ ಹಡಗನ್ನು ಸಿಡಿಸುವ ಗುಂಡಿ, ಅವರ ಕೈಯಲ್ಲಿ ಇವರದ್ದು. ಮಧ್ಯರಾತ್ರಿಯೊಳಗೆ ಯಾರೂ ಸಿಡಿಸದಿದ್ದರೆ ಎರಡೂ ಹೋಗುತ್ತವೆ ಎಂದು ಖಳನಾಯಕ ಜೋಕರ್ ಹೇಳಿದ್ದಾನೆ. ನಾಗರಿಕರು ಮತ ಹಾಕುತ್ತಾರೆ. 396 ಜನ ಸಿಡಿಸೋಣ ಎನ್ನುತ್ತಾರೆ, 140 ಜನ ಬೇಡ ಎನ್ನುತ್ತಾರೆ. ಒಬ್ಬ ಎದ್ದು ಆ ಗುಂಡಿಯಿರುವ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಳ್ಳುತ್ತಾನೆ, ಆದರೆ ಅವನಿಂದ ಆಗುವುದಿಲ್ಲ. ಇನ್ನೊಂದು ಹಡಗಿನಲ್ಲಿ ನೋಡಿದರೇ ಭಯವಾಗುವಂಥ ಕೈದಿಯೊಬ್ಬ ಅಧಿಕಾರಿಯಿಂದ ಪೆಟ್ಟಿಗೆ ಈಸಿಕೊಂಡು ಕಿಟಕಿಯಿಂದ ಹೊರಗೆ ಎಸೆಯುತ್ತಾನೆ.

ಎಸೆಯುವ ಮುಂಚೆಯೇ ವಿಡಿಯೊ ನಿಲ್ಲಿಸಿ. ಪೆಟ್ಟಿಗೆ ಕೈದಿಯ ಕೈಗೆ ಬಂತು, ಅಲ್ಲೇ ನಿಲ್ಲಿಸಿ. ಈಗ ಕೇಳಿ: 'ನೀವು ಆ ಹಡಗಿನಲ್ಲಿದ್ದರೆ ಏನು ಮಾಡುತ್ತಿದ್ದಿರಿ?'

ಒಮ್ಮೆ ಹೀಗೆ ನಿಲ್ಲಿಸಿದಾಗ ಹಿಂದಿನ ಸಾಲಿನ ಹುಡುಗನೊಬ್ಬ, 'ನಾನಾಗಿದ್ರೆ ಸಿಡಿಸ್ತಿದ್ದೆ. ನಮ್ಮ ಹಡಗಲ್ಲಿ ನನ್ನ ಅಮ್ಮ ಇರ್ತಾಳೆ' ಎಂದ. ರೂಮು ತಣ್ಣಗಾಯಿತು. ಒಂದು ಉತ್ತರ ನನ್ನ ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ. ಸುಮಾರು ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗಿ ನೆಲ ನೋಡುತ್ತಾ ಹೇಳಿದಳು: 'ಆ ಹಡಗಲ್ಲಿರೋರೂ ಯಾರೋ ಅಮ್ಮಂದಿರ ಮಕ್ಕಳೇ ಅಲ್ವಾ?' ನನ್ನ ನಾಲಿಗೆಯ ಮೇಲಿದ್ದದ್ದೂ ಹೆಚ್ಚುಕಡಿಮೆ ಅದೇ ಮಾತು. ನಾನು ಹೇಳಿದ್ದರೆ ಅದು ಉಪದೇಶವಾಗುತ್ತಿತ್ತು. ಅವಳು ಹೇಳಿದ್ದರಿಂದ ಆ ಹುಡುಗ ತಲೆಯೆತ್ತಿ ಅವಳ ಕಡೆ ನೋಡಿದ.

ತೋರಿಸುವ ಮುಂಚೆ ಎರಡೇ ಮಾತು

ಕಥೆ ಎಲ್ಲಿಗೆ ಬಂದಿದೆ ಎಂದು ಎರಡು ವಾಕ್ಯದಲ್ಲಿ ಹೇಳಿ. 'ಇದು ತ್ಯಾಗದ ಬಗ್ಗೆ' ಎಂದು ಮಾತ್ರ ಹೇಳಬೇಡಿ. ಆಮೇಲೆ ಒಂದು ಕೆಲಸ ಕೊಡಿ: ಈ ಸಾಲಿನವರು ಅಧಿಕಾರಿಯ ಮುಖ ನೋಡಿ, ಆ ಸಾಲಿನವರು ಸುಮ್ಮನೆ ಕೂತ ಜನರನ್ನು ನೋಡಿ. ನೋಡಲು ಕೆಲಸವಿದ್ದರೆ ಕೈ ಫೋನಿನ ಕಡೆ ಹೋಗುವುದಿಲ್ಲ. ಚಿತ್ರ ಸ್ವಲ್ಪ ಮಸುಕಾದರೂ ನಡೆಯುತ್ತದೆ, ಧ್ವನಿ ಮಾತ್ರ ಸ್ಪಷ್ಟವಾಗಿರಲಿ.

ನೋಡು, ಯೋಚಿಸು, ಮಾಡು

ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್ ಕಾರ್ಖಾನೆಯಲ್ಲಿ ದುಡಿಯುವ ಯುವಕ ಯುವತಿಯರಿಗಾಗಿ ಕಟ್ಟಿದ ಸಂಘಟನೆಯಲ್ಲಿ ಈ ಮೂರು ಹೆಜ್ಜೆ ಬಳಕೆಗೆ ಬಂತು. 1961ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ತಮ್ಮ ಪತ್ರದಲ್ಲಿ ಇದನ್ನೇ ಶಿಫಾರಸು ಮಾಡಿದರು. ಸಿನಿಮಾಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ.

ನೋಡು ಅಂದರೆ, ಏನಾಯಿತು ಅನ್ನುವುದನ್ನು ಮಾತ್ರ ಹೇಳುವುದು. 'ಅವನು ಹೆದರಿದ್ದ' ಎಂದು ಯಾರಾದರೂ ಹೇಳಿದರೆ, 'ನಿನಗೆ ಹೇಗೆ ಗೊತ್ತಾಯಿತು?' ಎಂದು ಕೇಳಿ. 'ಕೈ ನಡುಗ್ತಿತ್ತು' ಎಂಬ ಉತ್ತರ ಬಂದರೆ ಅವರು ನಿಜವಾಗಿ ನೋಡಿದ್ದಾರೆ.

ಯೋಚಿಸುವ ಹಂತದಲ್ಲಿ ಧರ್ಮಸಭೆ ನಮ್ಮ ಕೈಗೆ ಒಂದು ಒಳ್ಳೆಯ ಅಳತೆಗೋಲು ಕೊಟ್ಟಿದೆ. ಧರ್ಮಸಭೆಯ ಬೋಧನೆಯ ಅಧಿಕೃತ ಪುಸ್ತಕವಾದ ಧರ್ಮೋಪದೇಶ ಗ್ರಂಥದ 1750ನೇ ಪರಿಚ್ಛೇದ ಹೇಳುವಂತೆ ಯಾವುದೇ ಕೆಲಸದ ಒಳಿತು ಕೆಡುಕು ಅಳೆಯಲು ಮೂರು ವಿಷಯ ನೋಡಬೇಕು: ಮಾಡಿದ್ದೇನು, ಯಾವ ಉದ್ದೇಶದಿಂದ, ಯಾವ ಸಂದರ್ಭದಲ್ಲಿ. ಬೋರ್ಡಿನ ಮೇಲೆ ಮೂರು ಕಾಲಂ ಎಳೆಯಿರಿ. ಹಡಗು ಸಿಡಿಸುವುದು: ಮಾಡಿದ್ದು ಕೊಲೆ, ಉದ್ದೇಶ ಮನೆಯವರನ್ನು ಉಳಿಸುವುದು, ಸಂದರ್ಭ ಸಾವಿನ ಬೆದರಿಕೆ. ಮಕ್ಕಳೇ ತುಂಬಲಿ. ಉದ್ದೇಶದ ಕಾಲಂನಲ್ಲಿ ಒಳ್ಳೆಯದಿದ್ದರೂ ಮೊದಲ ಕಾಲಂ ಬದಲಾಗುವುದಿಲ್ಲ ಎಂದು ಅವರ ಕಣ್ಣಿಗೇ ಕಾಣುತ್ತದೆ. 1753ನೇ ಪರಿಚ್ಛೇದ ಹೇಳುವುದೂ ಅದನ್ನೇ: ಗುರಿ ಒಳ್ಳೆಯದು ಎಂದ ಮಾತ್ರಕ್ಕೆ ಕೆಟ್ಟ ದಾರಿ ಒಳ್ಳೆಯದಾಗುವುದಿಲ್ಲ. ಆ 396 ಮತ ಕೂಡ ಅದನ್ನು ಬದಲಿಸಲಾರದು. ಬಹುಮತ ಇದ್ದಲ್ಲಿ ನ್ಯಾಯ ಇದೆ ಎಂದು ನಂಬಿ ಬೆಳೆದ ಮಕ್ಕಳಿಗೆ ಇದು ದೊಡ್ಡ ವಿಷಯ.

ಉಳಿದ ಭಾಗ ತೋರಿಸಿದ ಮೇಲೆ, ಆಗ ಬೈಬಲ್ ತೆರೆಯಿರಿ. ಮತ್ತಾಯ 21ರಲ್ಲಿ ಇಬ್ಬರು ಮಕ್ಕಳ ಸಾಮತಿ (ದೃಷ್ಟಾಂತ ಕಥೆ) ಇದೆ. 'ಹೋಗಲ್ಲ' ಎಂದವನು ಆಮೇಲೆ ತೋಟಕ್ಕೆ ಹೋದ, 'ಹೋಗ್ತೀನಿ' ಎಂದವನು ಹೋಗಲೇ ಇಲ್ಲ. ಸುಂಕದವರೂ ವೇಶ್ಯೆಯರೂ ನಿಮಗಿಂತ ಮೊದಲು ದೇವರ ರಾಜ್ಯ ಸೇರುತ್ತಾರೆ ಎಂದು ಯೇಸುಸ್ವಾಮಿ ಹೇಳುವುದು ಅಲ್ಲೇ. ಕೈದಿ ಪೆಟ್ಟಿಗೆ ಎಸೆದದ್ದನ್ನು ಈಗಷ್ಟೇ ನೋಡಿದ ಮಕ್ಕಳಿಗೆ ಈ ಮಾತು ಹೊಸದಾಗಿ ಕೇಳಿಸುತ್ತದೆ. ಇದನ್ನೇ ಮೊದಲು ಓದಿಸಿದ್ದರೆ ದೃಶ್ಯ ಬರೀ ಉದಾಹರಣೆಯಾಗಿ ಉಳಿಯುತ್ತಿತ್ತು.

ಮಾಡುವುದು ಪುಟ್ಟದಿರಲಿ. 'ಇನ್ನು ಮುಂದೆ ಯಾರನ್ನೂ ಹೀಗಳೆಯುವುದಿಲ್ಲ' ಎಂಬ ಪ್ರತಿಜ್ಞೆ ಬೇಡ. 'ಈ ವಾರ ತರಗತಿಯಲ್ಲಿ ಯಾರ ಜೊತೆ ಯಾರೂ ಕೂರುವುದಿಲ್ಲವೋ ಅವರ ಪಕ್ಕ ಒಂದು ದಿನ ಕೂರುತ್ತೇನೆ' ಎಂಬಷ್ಟು ಸಾಕು. ಮುಂದಿನ ವಾರ ಎಲ್ಲರ ಎದುರು ವರದಿ ಕೇಳಬೇಡಿ. ಹೇಳಬೇಕೆನಿಸಿದವರು ತಾವೇ ಹೇಳುತ್ತಾರೆ.

ಇನ್ನು ಮೂರು ದೃಶ್ಯ

ಕರುಣೆಯ ಬಗ್ಗೆ ಮಾತಾಡಲು 'ಲೆ ಮಿಸರಾಬ್ಲ್' (2012). ಬೆಳ್ಳಿ ಸಾಮಾನು ಕದ್ದವನನ್ನು ಪೊಲೀಸರು ಹಿಡಿದು ತಂದಾಗ ಬಿಷಪರು 'ನಾನೇ ಕೊಟ್ಟದ್ದು' ಎಂದು ಬೆಳ್ಳಿಯ ದೀಪದ ಕಂಬಗಳನ್ನೂ ಸೇರಿಸಿ ಕೊಡುತ್ತಾರೆ. ಪಾಪನಿವೇದನೆಯ ತಯಾರಿಗೆ ಇದನ್ನು ತೋರಿಸಿ. ಬಿಷಪರು ಹೇಳಿದ್ದು ಸುಳ್ಳಲ್ಲವೇ ಎಂದು ಯಾರಾದರೂ ಕೇಳಿದರೆ ಖುಷಿಪಡಿ. ತರಗತಿ ಎಚ್ಚರವಾಗಿದೆ ಎಂದರ್ಥ.

ಸ್ವಲ್ಪ ಚಿಕ್ಕವರಿಗೆ 'ಇನ್‌ಸೈಡ್ ಔಟ್' (2015). ಹುಡುಗಿಯೊಬ್ಬಳ ಕಲ್ಪನೆಯ ಗೆಳೆಯ ಬಿಂಗ್ ಬಾಂಗ್ ತನ್ನ ಬಂಡಿ ಕಳೆದುಕೊಂಡು ಅಳುತ್ತಾ ಕೂತಿದ್ದಾನೆ. ಸಂತೋಷ ಎಂಬ ಪಾತ್ರ ನಗಿಸಲು ಏನೇನೋ ಮಾಡುತ್ತದೆ, ಪ್ರಯೋಜನವಿಲ್ಲ. ದುಃಖ ಎಂಬ ಪಾತ್ರ ಪಕ್ಕದಲ್ಲಿ ಕೂತು ಅವನ ಮಾತು ಕೇಳುತ್ತದೆ. ಅವನು ಅತ್ತು ಹಗುರಾಗಿ ಏಳುತ್ತಾನೆ. ದುಃಖದಲ್ಲಿರುವವರನ್ನು ಸಂತೈಸುವುದು ಕರುಣೆಯ ಕಾರ್ಯಗಳಲ್ಲಿ ಒಂದು ಎಂದು ಬಾಯಿಪಾಠ ಮಾಡಿಸಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಬೈಬಲ್ಲಿನಲ್ಲಿ ಕಷ್ಟಕ್ಕೆ ಸಿಲುಕಿದ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತಿದ್ದನ್ನು ಆಮೇಲೆ ಓದಿ.

ದೊಡ್ಡವರಿಗೆ 'ಬೈಸಿಕಲ್ ಥೀವ್ಸ್' ಸಿನಿಮಾದ ಕೊನೆ. ಕೆಲಸಕ್ಕೆ ಬೇಕಾದ ಸೈಕಲ್ ಕಳೆದುಕೊಂಡ ಅಪ್ಪ ತಾನೇ ಒಂದು ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಮಗ ನೋಡುತ್ತಿದ್ದಾನೆ. ಹುಡುಗನ ಮುಖ ನೋಡಿ ಸೈಕಲ್ ಮಾಲೀಕ ಬಿಟ್ಟುಬಿಡುತ್ತಾನೆ. ಅಪ್ಪ ಅಳುತ್ತಾ ನಡೆಯುವಾಗ ಮಗ ಅವನ ಕೈ ಹಿಡಿಯುತ್ತಾನೆ. ಇದಕ್ಕೆ ಪ್ರಶ್ನೆಯೂ ಬೇಡ. ಸ್ವಲ್ಪ ಹೊತ್ತು ಸುಮ್ಮನಿರಿ.

ಎಡವುವ ಕಡೆ

ಸಿನಿಮಾ ಹೇಳಿದ್ದೆಲ್ಲಾ ಸರಿ ಎನ್ನಬೇಕಿಲ್ಲ. 'ಡಾರ್ಕ್ ನೈಟ್' ಕೊನೆಯಲ್ಲಿ ಊರಿನ ಭರವಸೆ ಉಳಿಸಲು ನಾಯಕ ಒಂದು ಸುಳ್ಳನ್ನು ಹೊರುತ್ತಾನೆ, ಸಿನಿಮಾ ಅದನ್ನು ಮೆಚ್ಚುತ್ತದೆ. ನಾನು ಮಕ್ಕಳಿಗೆ ನೇರವಾಗಿ ಹೇಳುತ್ತೇನೆ: ಇಲ್ಲಿ ನಾನು ಸಿನಿಮಾ ಜೊತೆ ಇಲ್ಲ. ಹುಡುಗಿ ಬೇಡ ಬೇಡ ಎಂದರೂ ಬೆನ್ನು ಬಿಡದ ನಾಯಕನನ್ನು ಪ್ರೇಮಿ ಎಂದು ತೋರಿಸುವ ಜನಪ್ರಿಯ ಸಿನಿಮಾಗಳೂ ಬೇಕಾದಷ್ಟಿವೆ. ಅವನ್ನು ದೂರ ಇಡುವುದಕ್ಕಿಂತ ಒಂದು ದೃಶ್ಯ ಹಾಕಿ, 'ಆ ಹುಡುಗಿ ಆ ರಾತ್ರಿ ಮನೆಗೆ ಹೋಗಿ ಏನು ಯೋಚಿಸಿರಬಹುದು?' ಎಂದು ಕೇಳಿ. ಮನುಷ್ಯ ಘನತೆಯ ಪಾಠ ಅಲ್ಲೇ ಶುರುವಾಗುತ್ತದೆ.

ಪ್ರಾಣ ಕೊಟ್ಟ ನಾಯಕನನ್ನೆಲ್ಲಾ ಯೇಸುವಿಗೆ ಹೋಲಿಸಲು ಹೋಗಬೇಡಿ. ಮಕ್ಕಳಿಗೆ ಅದು ಎಳೆದು ತಂದದ್ದು ಎಂದು ತಕ್ಷಣ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು: ಸಾವು, ಆತ್ಮಹತ್ಯೆ, ಕುಡಿತ, ಮನೆಯ ಹಿಂಸೆ ಇರುವ ದೃಶ್ಯ ಯಾರ ಗಾಯದ ಮೇಲೆ ಬೀಳುತ್ತದೋ ನಿಮಗೆ ಗೊತ್ತಿರುವುದಿಲ್ಲ. ಏನು ಬರಲಿದೆ ಎಂದು ಮೊದಲೇ ಹೇಳಿ. ಎದ್ದು ಹೋಗಬೇಕೆನಿಸಿದವರು ಕಾರಣ ಹೇಳದೆ ಹೋಗಲಿ. ರೂಮಿನಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಿ. ಒಬ್ಬರು ಮಾತು ನಡೆಸುವಾಗ ಇನ್ನೊಬ್ಬರು ಮುಖಗಳನ್ನು ನೋಡುತ್ತಿರಬೇಕು. ಯಾರಾದರೂ ತಮ್ಮ ಮನೆಯ ವಿಷಯ ಎಲ್ಲರೆದುರು ಹೇಳಲು ಶುರು ಮಾಡಿದರೆ ಮೆಲ್ಲಗೆ ತಡೆದು, ಆಮೇಲೆ ಕೂತು ಕೇಳಿ. ಯಾರಾದರೂ ಅಪಾಯದಲ್ಲಿದ್ದಾರೆ ಎನಿಸಿದರೆ ಗುಟ್ಟು ಕಾಯುತ್ತೇನೆ ಎಂದು ಮಾತು ಕೊಡಬೇಡಿ. ಸಹಾಯ ಮಾಡಬಲ್ಲವರ ಹತ್ತಿರ ಜೊತೆಗೆ ಹೋಗಿ.

ನಾಲ್ಕೈದು ತರಗತಿ ಹೀಗೆ ನಡೆದ ಮೇಲೆ ದೃಶ್ಯ ಆರಿಸುವ ಕೆಲಸವನ್ನು ಯುವಜನರಿಗೇ ಕೊಡಿ. ಇಬ್ಬಿಬ್ಬರು ಸೇರಿ ಒಂದು ದೃಶ್ಯ, ಒಂದೇ ಒಂದು ಪ್ರಶ್ನೆ ತರಲಿ. ಅವರೂ ಎರಡು ಸಲ ನೋಡಬೇಕು, ನಿಮಿಷ ಬರೆದಿರಬೇಕು. ತರಗತಿಗೆ ಮುಂಚೆ ಆ ಹಾಳೆಯನ್ನು ಅವರ ಜೊತೆ ಕೂತು ಓದಿ, ದೃಶ್ಯವನ್ನೂ ನೀವು ನೋಡಿಬಿಡಿ. ಆ ದಿನ ನೀವು ಹಿಂದಿನ ಸಾಲಿನಲ್ಲಿ ಕೂರಿ.