ಗಡಿಯಾರದ ಹನ್ನೆರಡು ಬೇರೆ, ಸೂರ್ಯನ ಹನ್ನೆರಡು ಬೇರೆ: ಒಂದು ಕೋಲು ನೆಟ್ಟು ನೋಡಿ

ಗಡಿಯಾರದಲ್ಲಿ 12 ಹೊಡೆದಾಗ ಸೂರ್ಯ ಆ ದಿನದ ತುತ್ತತುದಿಯಲ್ಲಿರುತ್ತಾನೆ ಅಂತ ನಾನೂ ನಂಬಿದ್ದೆ. ಕೋಲು ನೆಟ್ಟು, ಸರಿಯಾಗಿ 12ಕ್ಕೆ ನೆರಳಿನ ಉದ್ದಕ್ಕೂ ಗೆರೆ ಎಳೆದು, ಇದೇ ಉತ್ತರ-ದಕ್ಷಿಣ ಅಂದುಕೊಂಡೆ. ರಾತ್ರಿ ಧ್ರುವ ನಕ್ಷತ್ರ ನೋಡಿದರೆ ಗೆರೆ ಬೇರೆಲ್ಲೋ ಮುಖ ಮಾಡಿತ್ತು. ಕೋಲು ನೆಟ್ಟಗೇ ಇತ್ತು, ಗಡಿಯಾರವೂ ಸರಿ ಇತ್ತು. ನಾನು ಹೋಲಿಸಿದ್ದೇ ಎರಡು ಬೇರೆ ಬೇರೆ ಸಮಯಗಳನ್ನು.

ಹಾಗಾಗಿ ಮೊದಲು ನಿಮ್ಮ ಜಾಗದ ನಿಜವಾದ ನಡುಹಗಲು ಯಾವಾಗ ಅಂತ ಹಿಡಿಯಿರಿ. ಅತಿ ಗಿಡ್ಡ ನೆರಳಿಗಾಗಿ ಕಾಯಬೇಡಿ, ಆ ಹೊತ್ತಿನ ಆಸುಪಾಸು ನೆರಳಿನ ಉದ್ದ ಬದಲಾಗುವುದೇ ಗೊತ್ತಾಗಲ್ಲ. ಸಮತಟ್ಟಾದ ನೆಲದಲ್ಲಿ ಒಂದಡಿಯ ಕೋಲು ನೆಡಿ, ತೂಕದ ದಾರ ಇಳಿಬಿಟ್ಟು ನೆಟ್ಟಗಿದೆಯಾ ನೋಡಿ, ಅದರ ಬುಡವನ್ನೇ ನಡುವಾಗಿಟ್ಟುಕೊಂಡು ನೆಲದ ಮೇಲೆ ಒಂದು ವೃತ್ತ ಬರೆಯಿರಿ. ಬೆಳಿಗ್ಗೆ ನೆರಳು ಕುಗ್ಗುತ್ತಾ ಬಂದು ತುದಿ ವೃತ್ತವನ್ನು ಮುಟ್ಟಿದಾಗ ಸಮಯ ಬರೆದು ಗುರುತು ಹಾಕಿ. ಮಧ್ಯಾಹ್ನದ ಮೇಲೆ ನೆರಳು ಬೆಳೆದು ಮತ್ತೆ ವೃತ್ತ ಮುಟ್ಟುತ್ತದೆ, ಆಗಲೂ ಹಾಗೇ ಮಾಡಿ. ಮೊದಲನೆಯದು 10:12, ಎರಡನೆಯದು 2:28 ಅಂದುಕೊಳ್ಳಿ. ನಡುವಿನ ಹೊತ್ತು 12:20. ಅದೇ ನಿಮ್ಮ ಸೂರ್ಯನ ಹನ್ನೆರಡು. ಎರಡು ಗುರುತುಗಳ ನಡುವಿನ ಬಿಂದುವಿನಿಂದ ಕೋಲಿನ ಬುಡಕ್ಕೆ ಗೆರೆ ಎಳೆದರೆ ಅದು ನಿಜವಾದ ಉತ್ತರ-ದಕ್ಷಿಣ.

ವೃತ್ತ ಒಂದೇ ಸಾಕಾಗಲ್ಲ, ಮೂರ್ನಾಲ್ಕು ಬರೆಯಿರಿ. ಮಧ್ಯಾಹ್ನ ಮೋಡ ಬಂದು ಒಂದು ಗುರುತು ತಪ್ಪಿತು ಅಂದ್ರೆ ಬೆಳಗಿನ ಕಷ್ಟ ಎಲ್ಲಾ ನೀರಲ್ಲಿ ಹೋಮ. ಇನ್ನೊಂದು ತಲೆನೋವು, ನೆರಳಿನ ತುದಿ ಮಸುಕಾಗಿರುತ್ತದೆ. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ, ಅದಕ್ಕೇ ಅಂಚು ಕಲಸಿಹೋಗುತ್ತದೆ. ಕೋಲಿನ ತುದಿಗೆ ಸಣ್ಣ ತೂತಿರುವ ರಟ್ಟು ಅಂಟಿಸಿ. ರಟ್ಟಿನ ನೆರಳಿನ ಮಧ್ಯೆ ಬೆಳಕಿನ ಚುಕ್ಕಿ ಕಾಣುತ್ತದೆ, ಅದನ್ನು ಗುರುತು ಮಾಡುವುದು ಎಷ್ಟೋ ಸುಲಭ.

ಸರಿ, 12ರ ಬದಲು 12:20 ಯಾಕೆ? ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಗಂಟೆಗೆ 15, ಒಂದು ಡಿಗ್ರಿಗೆ 4 ನಿಮಿಷ. ನಿಮ್ಮ ಗಡಿಯಾರ ನಿಮ್ಮ ಜಾಗದ ಸಮಯ ತೋರಿಸಲ್ಲ, ನಿಮ್ಮ ಕಾಲವಲಯಕ್ಕೆ ಗೊತ್ತು ಮಾಡಿದ ಒಂದು ರೇಖಾಂಶದ ಸಮಯ ತೋರಿಸುತ್ತದೆ. ಆ ರೇಖಾಂಶಕ್ಕಿಂತ 5 ಡಿಗ್ರಿ ಪಶ್ಚಿಮಕ್ಕಿದ್ದರೆ ಸೂರ್ಯ 20 ನಿಮಿಷ ತಡ, ಪೂರ್ವಕ್ಕಿದ್ದರೆ ಅಷ್ಟೇ ಬೇಗ. ಚೀನಾ ಇಡೀ ದೇಶಕ್ಕೆ 120 ಡಿಗ್ರಿ ಪೂರ್ವದ ಸಮಯವನ್ನೇ ಇಟ್ಟುಕೊಂಡಿದೆ. ಅದರ ಪಶ್ಚಿಮದ ತುದಿಯ ಕಾಶ್ಗರ್ ಇರುವುದು ಸುಮಾರು 76 ಡಿಗ್ರಿಯಲ್ಲಿ. ಲೆಕ್ಕ ಹಾಕಿ ನೋಡಿ, ಅಲ್ಲಿ ನಡುಹಗಲಾಗುವಾಗ ಗಡಿಯಾರದಲ್ಲಿ ಹತ್ತಿರ ಹತ್ತಿರ ಮೂರು ಗಂಟೆ!

ಇಷ್ಟು ಸರಿಮಾಡಿದರೂ ಇನ್ನೊಂದು ತಿದ್ದುಪಡಿ ಉಳಿಯುತ್ತದೆ, ಎಲ್ಲರೂ ಮರೆಯುವುದು ಇದನ್ನೇ. ಒಂದು ನಡುಹಗಲಿನಿಂದ ಮುಂದಿನ ನಡುಹಗಲಿಗೆ ದಿನಾ ಸರಿಯಾಗಿ 24 ಗಂಟೆ ಆಗಲ್ಲ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಜೊತೆಗೆ ಅದರ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ, ಹಾಗಾಗಿ ಕೆಲವು ದಿನ ಕೆಲವು ಸೆಕೆಂಡ್ ಜಾಸ್ತಿ, ಕೆಲವು ದಿನ ಕಮ್ಮಿ. ಈ ಚಿಲ್ಲರೆ ಸೇರುತ್ತಾ ಸೇರುತ್ತಾ ಫೆಬ್ರವರಿ ಮಧ್ಯದ ಹೊತ್ತಿಗೆ ಸೂರ್ಯ ಸುಮಾರು 14 ನಿಮಿಷ ಹಿಂದೆ ಬಿದ್ದಿರುತ್ತಾನೆ, ನವೆಂಬರ್ ಮೊದಲ ವಾರ 16 ನಿಮಿಷ ಮುಂದೆ ಇರುತ್ತಾನೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಆಸುಪಾಸು ವ್ಯತ್ಯಾಸ ಸೊನ್ನೆ. ಅದೇ ಜಾಗದಲ್ಲಿ 12:20 ಸಿಗುವುದು ಈ ನಾಲ್ಕು ಸಲ ಮಾತ್ರ. ಫೆಬ್ರವರಿಯಲ್ಲಿ 12:34, ನವೆಂಬರ್‌ನಲ್ಲಿ 12:04. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶದಲ್ಲಿದ್ದರೆ ಆ ತಿಂಗಳುಗಳಲ್ಲಿ ಒಂದು ಗಂಟೆ ಕೂಡಿಸಿ.

ಉತ್ತರಾರ್ಧಗೋಳದಲ್ಲಿ ಅತಿ ಗಿಡ್ಡ ಹಗಲು ಡಿಸೆಂಬರ್ 21ರ ಸುಮಾರಿಗೆ, ಆದರೆ ಸಂಜೆ ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವ ದಿನ ಅದಕ್ಕೂ ಮೊದಲೇ ಬಂದು ಹೋಗಿರುತ್ತದೆ, ಗಮನಿಸಿದ್ದೀರಾ? ಕಾರಣ ಇದೇ. ಆಗ ನಡುಹಗಲೇ ದಿನಕ್ಕೆ ಅರ್ಧ ನಿಮಿಷದಷ್ಟು ತಡವಾಗುತ್ತಿರುತ್ತದೆ, ಸೂರ್ಯಾಸ್ತವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ ಅಲ್ವಾ.

ಕೋಲನ್ನು ಕೀಳಬೇಡಿ. ವಾರಕ್ಕೊಂದು ದಿನ ನೆರಳು ಆ ಉತ್ತರ-ದಕ್ಷಿಣ ಗೆರೆ ಮೇಲೆ ಬಿದ್ದ ಸಮಯ ಬರೆದಿಡಿ, ಲೆಕ್ಕದ ಉತ್ತರದ ಜೊತೆ ಹೋಲಿಸಿ. ಒಂದೆರಡು ನಿಮಿಷ ಆಚೀಚೆ ಆದರೆ ಪರವಾಗಿಲ್ಲ. ಹತ್ತು ನಿಮಿಷ ಆಚೀಚೆ ಬಂದರೆ ಕೋಲು ವಾಲಿದೆ, ಇಲ್ಲಾ ಕೂಡಿಸಬೇಕಾದ ಕಡೆ ಕಳೆದಿದ್ದೀರಿ.