ಐಬಿ ಅನುಭವ ಇಲ್ಲದವಳ ಡೆಮೊ ಕ್ಲಾಸು ಮತ್ತು ಒಂದು ಭರಣಿ ಮಿಡಿ

"ಐಬಿ ಎಷ್ಟು ವರ್ಷ ಕಲಿಸಿದ್ದೀರಿ?"

ಕಲಿಸಿಲ್ಲ.

"ಐಜಿಸಿಎಸ್‌ಇ?"

ಅದೂ ಇಲ್ಲ.

"ಸರಿ ಮೇಡಂ, ತಿಳಿಸ್ತೇವೆ."

ಯಾರೂ ತಿಳಿಸಲಿಲ್ಲ. ಆ ವರ್ಷ ನನಗೆ ಬಂದ ಫೋನುಗಳೆಲ್ಲ ಹೆಚ್ಚೂಕಡಿಮೆ ಹೀಗೇ ಮುಗಿದವು. ಬಂದದ್ದೇ ಮೂರೋ ನಾಲ್ಕೋ. ಅರ್ಜಿ ಹಾಕಿದ್ದು 14 ಇಂಟರ್‌ನ್ಯಾಷನಲ್ ಶಾಲೆಗೆ. ಅಲ್ಲಿ ಕಲಿಸುವುದು ಐಬಿ, ಕೇಂಬ್ರಿಡ್ಜ್‌ನವರ ಐಜಿಸಿಎಸ್‌ಇ ಅನ್ನುವ ಅಂತರರಾಷ್ಟ್ರೀಯ ಪಠ್ಯಕ್ರಮಗಳನ್ನು.

ನನ್ನೂರು ಶಿರಸಿ. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದವಳು. ಥಾಣೆಯ ಒಂದು ರಾಜ್ಯ ಬೋರ್ಡಿನ ಶಾಲೆಯಲ್ಲಿ 11 ವರ್ಷ ಎಸ್‌ಎಸ್‌ಸಿ ಮಕ್ಕಳಿಗೆ ವಿಜ್ಞಾನ ಕಲಿಸಿದ್ದೆ. ಬಿ.ಎಸ್ಸಿ., ಬಿ.ಎಡ್. ಎರಡೂ ಇದ್ದವು. ಸಾಲದೇ ಅಂತ ನನಗೆ ಸಿಟ್ಟು.

ದಾರಿ ತೋರಿಸಿದ್ದು ನಮ್ಮ ಕಡೆಯವರೇ ಒಬ್ಬ ಅಕ್ಕ. ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದವರು. ಒಂದು ಭಾನುವಾರ ತಾಳಮದ್ದಳೆ ಮುಗಿಸಿ ಚಹಾ ಕುಡಿಯುವಾಗ ಮೊಬೈಲಿನಲ್ಲಿದ್ದ ನನ್ನ ಸಿ.ವಿ. ತೋರಿಸಿದೆ. ಓದಿ, "ತಂಗಿ, 11 ವರ್ಷ ಇದ್ದೆ ಅಂತ ಬರೆದಿದ್ದೀಯ. ಏನು ಮಾಡ್ದೆ ಅಂತ ಎಲ್ಲಿದೆ?" ಅಂದರು. ಆಮೇಲೆ ಇನ್ನೊಂದು ಕೇಳಿದರು. "ಅವರ ಪ್ರಶ್ನೆಪತ್ರಿಕೆ ಒಂದಾದರೂ ಬಿಡಿಸಿ ನೋಡಿದ್ದೀಯಾ?"

ಇಲ್ಲ. ಬೈದದ್ದು ಮಾತ್ರ ನಾನು.

ಕೇಂಬ್ರಿಡ್ಜ್‌ನವರ ಸಿಲೆಬಸ್, ಕೆಲವು ಹಳೆಯ ಪ್ರಶ್ನೆಪತ್ರಿಕೆ, ಅವುಗಳ ಮಾರ್ಕ್ ಸ್ಕೀಮ್ (ಯಾವ ಉತ್ತರಕ್ಕೆ ಎಷ್ಟು ಅಂಕ ಅನ್ನುವ ಪಟ್ಟಿ) ಎಲ್ಲ ಅವರ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ಐಜಿಸಿಎಸ್‌ಇ ಬಯಾಲಜಿಯ ಕೋಡ್ 0610. ಅದರ ನಾಲ್ಕನೇ ಪೇಪರ್ 80 ಅಂಕದ್ದು, ಒಂದೂಕಾಲು ಗಂಟೆ. ಮಗ ಮಲಗಿದ ಮೇಲೆ ಗಡಿಯಾರ ಇಟ್ಟುಕೊಂಡು ಬರೆದೆ. ಮಾರ್ಕ್ ಸ್ಕೀಮ್ ಹಿಡಿದು ನಾನೇ ತಿದ್ದಿದೆ. ಬಂದದ್ದು 51. ಹತ್ತನೇ ಕ್ಲಾಸಿನ ಮಕ್ಕಳ ಪೇಪರು ಅದು! ಗಂಡನಿಗೆ ಹೇಳಲಿಲ್ಲ.

ವಿಷಯ ಗೊತ್ತಿಲ್ಲದೆ ಅಂಕ ಹೋಗಿರಲಿಲ್ಲ. ಗ್ರಾಫ್ ಕೊಟ್ಟು 'ಡಿಸ್ಕ್ರೈಬ್' ಅಂದರೆ ಏನಾಗುತ್ತಿದೆ ಅಂತಷ್ಟೇ ಹೇಳಬೇಕು, ಅಂಕಿ ಸಮೇತ. 'ಎಕ್ಸ್‌ಪ್ಲೇನ್' ಅಂದರೆ ಯಾಕೆ ಅಂತ. 'ಸಜೆಸ್ಟ್' ಅಂದರೆ ಪುಸ್ತಕದಲ್ಲಿಲ್ಲದ್ದು, ನೀನೇ ಯೋಚಿಸು ಅಂತ. ನಾನು ಮೂರಕ್ಕೂ ವ್ಯಾಖ್ಯೆ ಬರೆದಿದ್ದೆ. ಆಸ್ಮೋಸಿಸ್ (ಜೀವಕೋಶದ ಪೊರೆ ದಾಟಿ ನೀರು ಉಪ್ಪು ಜಾಸ್ತಿ ಇರುವ ಕಡೆಗೆ ಹೋಗುವುದು) ಪ್ರಶ್ನೆಗೆ ಅರ್ಧ ಪುಟ ತುಂಬಿಸಿ ಒಂದೇ ಅಂಕ. 11 ವರ್ಷ ಮಕ್ಕಳಿಗೆ ಉರು ಹೊಡೆಸಿದ್ದು ಇದನ್ನೇ ಅಲ್ವಾ? ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಎರಡು ತಿಂಗಳಲ್ಲಿ ಒಂಬತ್ತು ಪೇಪರು ಬಿಡಿಸಿದೆ. ಪ್ರಯೋಗದ ಬದಲು ಬರೆಯುವ ಆರನೇ ಪೇಪರನ್ನಂತೂ ಜಾಸ್ತಿ ನೋಡಿದೆ. ಅದರಲ್ಲಿ ಪ್ರಯೋಗವನ್ನು ನಾವೇ ಯೋಜಿಸಬೇಕು. ಯಾವುದನ್ನು ಬದಲಿಸುತ್ತೇವೆ, ಯಾವುದನ್ನು ಹಾಗೇ ಇಡುತ್ತೇವೆ, ಏನನ್ನು ಅಳೆಯುತ್ತೇವೆ ಅಂತ ಬರೆಯಬೇಕು.

ಸಿ.ವಿ.ಯನ್ನೂ ಬದಲಿಸಿದೆ. ಇಲ್ಲದ ಅನುಭವ ಒಂದಕ್ಷರ ಸೇರಿಸಲಿಲ್ಲ. ಶಾಲೆಯ ಹಿಂದಿನ ನಾಲೆಯ ನೀರನ್ನು ಮಕ್ಕಳ ಜೊತೆ ಮಳೆಗಾಲಕ್ಕೆ ಮುಂಚೆ, ಆಮೇಲೆ ಪರೀಕ್ಷಿಸಿದ್ದೆವು. ಆಗ ಅದು ಸುಮ್ನೆ ಮಾಡಿದ ಚಟುವಟಿಕೆ. ಈಗ ಅದನ್ನೇ ಮೊದಲ ಸಾಲಿಗೆ ತಂದೆ. ಕವರ್ ಲೆಟರಿನಲ್ಲಿ ನೇರವಾಗಿ ಬರೆದೆ: ನಿಮ್ಮ ಪಠ್ಯಕ್ರಮ ಕಲಿಸಿಲ್ಲ, ಆದರೆ 0610ರ ಒಂಬತ್ತು ಪೇಪರು ಬಿಡಿಸಿ ತಿದ್ದಿದ್ದೇನೆ, ನನ್ನ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಪಟ್ಟಿ ಮಾಡಿದ್ದೇನೆ.

ಎರಡು ಶಾಲೆಗಳು ಡೆಮೊಗೆ ಕರೆದವು. ಮೊದಲನೆಯದು ಕೆಟ್ಟಿತು. 40 ನಿಮಿಷವೂ ನಾನೇ ಮಾತಾಡಿದೆ. ಚೆನ್ನಾಗೇ ಮಾತಾಡಿದೆ ಅಂತ ಈಗಲೂ ನನ್ನ ಅಭಿಪ್ರಾಯ. ಹಿಂದೆ ಕೂತಿದ್ದ ಕೋಆರ್ಡಿನೇಟರ್ ಬರೆದುಕೊಂಡದ್ದು ಮಾತ್ರ ಮಕ್ಕಳು ಎಷ್ಟು ಸಲ ಬಾಯಿ ಬಿಟ್ಟರು ಅಂತ.

ಎರಡನೆಯದು ಪೊವಾಯಿ ಕಡೆ. ವಿಷಯ ಆಸ್ಮೋಸಿಸ್. ಹಿಂದಿನ ರಾತ್ರಿ ಆಲೂಗಡ್ಡೆ ಉದ್ದುದ್ದ ಹೆಚ್ಚಿ ಒಂದು ಡಬ್ಬಿಯಲ್ಲಿ ನೀರಿಗೆ, ಇನ್ನೊಂದರಲ್ಲಿ ದಪ್ಪ ಉಪ್ಪುನೀರಿಗೆ ಹಾಕಿದೆ. ಬೆಳಿಗ್ಗೆ ಫಾಸ್ಟ್ ಲೋಕಲ್ ಬಿಟ್ಟು ಸ್ಲೋ ಹಿಡಿದೆ, ಕಾಂಜೂರ್‌ಮಾರ್ಗದಲ್ಲಿ ಇಳಿಯಬೇಕಲ್ಲ. ಲೇಡೀಸ್ ಡಬ್ಬದಲ್ಲಿ ಆ ಎರಡು ಡಬ್ಬಿಯ ಜೊತೆ ಉಪ್ಪಿಗೆ ಹಾಕಿದ ಅಪ್ಪೆಮಿಡಿಯ ಪುಟ್ಟ ಭರಣಿಯನ್ನೂ ಮಡಿಲಲ್ಲಿಟ್ಟು ಕೂತಿದ್ದೆ. ಅಮ್ಮ ಶಿರಸಿಯಿಂದ ಕಳಿಸಿದ್ದು.

ಕ್ಲಾಸಿನಲ್ಲಿ ಏನೂ ಹೇಳದೆ ತುಂಡುಗಳನ್ನು ಹಂಚಿದೆ. ಒಂದು ಗಟ್ಟಿ, ಇನ್ನೊಂದು ಬಾಡಿದ ಬಳ್ಳಿಯ ಹಾಗೆ ಬಾಗುತ್ತದೆ. "ನೋಡಿದ್ದನ್ನು ಮಾತ್ರ ಹೇಳಿ, ಕಾರಣ ಈಗ ಬೇಡ" ಅಂದೆ. ಅದು ಡಿಸ್ಕ್ರೈಬ್. ಆಮೇಲೆ ಯಾಕೆ ಅಂದೆ. ಕೊನೆಗೆ ಭರಣಿ ತೆರೆದು ಚಿರುಟಿದ ಮಿಡಿ ತೋರಿಸಿದೆ. ಮೊದಲು ಇದು ನುಣ್ಣಗೆ, ತುಂಬಿಕೊಂಡಿತ್ತು, ಭರಣಿಗೆ ನಾವು ನೀರು ಹಾಕಿಲ್ಲ, ಬರೀ ಉಪ್ಪು. ಈ ನೀರು ಎಲ್ಲಿಂದ ಬಂತು? ಆಮೇಲೆ ನಾನು ಮಾತಾಡುವ ಅಗತ್ಯವೇ ಬೀಳಲಿಲ್ಲ. ಒಬ್ಬ ಹುಡುಗ ತಿನ್ನಬಹುದಾ ಅಂತ ಕೇಳಿದ. ಲ್ಯಾಬಿನಲ್ಲಿ ತಿನ್ನುವ ಹಾಗಿಲ್ಲ ಅಂದೆ. ಕೋಆರ್ಡಿನೇಟರ್ ಅದನ್ನೂ ಬರೆದುಕೊಂಡರು.

ಸಂದರ್ಶನದಲ್ಲಿ ಒಂದು ಕಡೆ ತಪ್ಪಿದೆ. ಮಗು ನಿಮ್ಮ ಹತ್ತಿರ ಬಂದು, ಯಾರಿಗೂ ಹೇಳಬೇಡಿ ಅಂತ, ಮನೆಯಲ್ಲಿ ಯಾರೋ ತನ್ನ ಮೈ ಮುಟ್ಟಿದ್ದನ್ನು ಹೇಳಿದರೆ ಏನು ಮಾಡ್ತೀರಿ ಅಂತ ಕೇಳಿದರು. ಗುಟ್ಟು ಕಾಪಾಡಿ ಸಮಾಧಾನ ಮಾಡುತ್ತೇನೆ ಅಂದೆ. ಅದು ತಪ್ಪು. ಗುಟ್ಟಿನ ಮಾತು ಕೊಡಬಾರದು, ಶಾಲೆಯಲ್ಲಿ ಅದಕ್ಕೆಂದೇ ಇರುವವರಿಗೆ ಅವತ್ತೇ ತಿಳಿಸಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾನೂನಿನಲ್ಲಿ ಇಂಥದ್ದನ್ನು ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಸಂದರ್ಶನ ಮಾಡಿದವರೇ ತಿದ್ದಿ ಹೇಳಿದರು. ಇದನ್ನು ಓದಿಕೊಂಡೇ ಹೋಗಿ. ಈ ಶಾಲೆಗಳಲ್ಲಿ ಇದು ಕೇಳಿಯೇ ಕೇಳುವ ಪ್ರಶ್ನೆ.

ಸಿಕ್ಕಿದ್ದು ಪೂರಾ ಕೆಲಸವಲ್ಲ. ಹೆರಿಗೆ ರಜೆಗೆ ಹೋದ ಟೀಚರ ಜಾಗ, ಒಂದು ಟರ್ಮಿಗೆ ಮಾತ್ರ. ಇದ್ದ ಕಾಯಂ ಕೆಲಸ ಬಿಟ್ಟು ಹೋಗುವುದಕ್ಕೆ ಅತ್ತೆ ಒಪ್ಪಲಿಲ್ಲ. ನನಗೂ ಹೆದರಿಕೆ ಇತ್ತು. ಆದರೆ ಆಗಸ್ಟಿಗೆ ಶುರುವಾಗುವ ಕಾಯಂ ಹುದ್ದೆಗೆ ಅನುಭವಸ್ಥರು ಸಾಲು ನಿಂತಿರುತ್ತಾರೆ. ವರ್ಷದ ನಡುವೆ ಖಾಲಿ ಬಿದ್ದ ಜಾಗಕ್ಕೆ ಶಾಲೆಗೂ ಅವಸರ. ಹೊಸಬರಿಗೆ ಬಾಗಿಲು ತೆರೆಯುವುದು ಅಲ್ಲೇ ಜಾಸ್ತಿ.

ಟರ್ಮ್ ಮುಗಿದು ಆ ಟೀಚರ್ ವಾಪಸ್ ಬಂದರು. ನನ್ನನ್ನು ಆರರಿಂದ ಎಂಟನೇ ಕ್ಲಾಸಿಗೆ ಇಟ್ಟುಕೊಂಡರು. ಮರುವರ್ಷ ಶಾಲೆಯೇ ದುಡ್ಡು ಕಟ್ಟಿ ಐಬಿಯ ಕ್ಯಾಟಗರಿ ಒಂದರ ಕಾರ್ಯಾಗಾರಕ್ಕೆ ಕಳಿಸಿತು. ಐಬಿಗೆ ಹೊಸಬರಿಗೆಂದೇ ಇರುವುದು ಅದು. ಭರಣಿ ಇನ್ನೂ ಲ್ಯಾಬಿನ ಕಪಾಟಿನಲ್ಲಿದೆ. ಅಮ್ಮನಿಗೆ ಹೇಳಿಲ್ಲ, ಮಿಡಿ ಹಾಳು ಮಾಡಿದೆ ಅಂತ ಬೈತಾಳೆ.